ತೊಲೆಗೊಂದು ಅಳತೆ, ಮಾತಿಗೊಂದು ಅರ್ಥ: ಸರ್ ಜಾನ್ ವುಲ್ಫ್ ಬ್ಯಾರಿ

ಲಂಡನ್ನಿನ ಟವರ್ ಬ್ರಿಡ್ಜ್ ಚಿತ್ರವನ್ನು ಕಾಣದವರು ವಿರಳ. ಥೇಮ್ಸ್ ನದಿಯ ನಡುವೆ ಎರಡು ಗೋಪುರಗಳನ್ನು ಹೊತ್ತು ನಿಂತು, ಹಡಗು ಬಂದಾಗ ರಸ್ತೆಯನ್ನೇ ಎರಡು ಹೋಳಾಗಿ ಮೇಲೆತ್ತಿ ದಾರಿ ಬಿಡುವ ಆ ಸೇತುವೆ ಕ್ಯಾಲೆಂಡರುಗಳ, ಸಿನಿಮಾಗಳ ಮೂಲಕ ನಮ್ಮ ಮನೆಗಳನ್ನೂ ಹೊಕ್ಕಿದೆ. ಅದನ್ನು ನಿರ್ಮಿಸಿದ ಎಂಜಿನಿಯರ್ ಸರ್ ಜಾನ್ ವುಲ್ಫ್ ಬ್ಯಾರಿ. ಅಂಥ ಸೇತುವೆ ಮತ್ತೊಂದಿಲ್ಲ ಎಂಬುದೇ ಅದರ ಖ್ಯಾತಿಗೆ ಕಾರಣ.

ಅದೇ ವ್ಯಕ್ತಿ ತಮ್ಮ ಬಾಳಿನ ಕೊನೆಯ ಹದಿನೇಳು ವರ್ಷಗಳನ್ನು ಇದಕ್ಕೆ ತೀರ ವಿರುದ್ಧವೆನಿಸುವ ಕಾರ್ಯಕ್ಕೆ ಮೀಸಲಿಟ್ಟರು. ಒಬ್ಬ ಎಂಜಿನಿಯರ್ ಬಳಸುವ ಉಕ್ಕಿನ ತೊಲೆಯನ್ನೇ ಇನ್ನೊಬ್ಬನೂ ಬಳಸಬೇಕು, ಒಂದು ಊರಿನಲ್ಲಿ ಸಿಮೆಂಟ್ ಎಂದು ಕರೆದ ಪುಡಿಗೂ ಇನ್ನೊಂದು ಊರಿನಲ್ಲಿ ಅದೇ ಹೆಸರು ಹೊತ್ತ ಪುಡಿಗೂ ಗುಣದಲ್ಲಿ ಅಂತರವಿರಬಾರದು ಎಂಬುದು ಆ ಕಾರ್ಯದ ಸಾರ. ಇಂದು ಜಗತ್ತಿನ ಯಾವುದೇ ನಗರದಲ್ಲಿ ಮನೆ ಕಟ್ಟಿಸುವವರು ಅಂಗಡಿಗೆ ಹೋಗಿ ಸಾಮಗ್ರಿಯ ಹೆಸರು ಹೇಳಿದೊಡನೆ ನಂಬಿಕೆಯಿಂದ ಕೊಂಡು ತರಬಲ್ಲರಾದರೆ, ಅದರ ಹಿಂದೆ ಈ ಮನುಷ್ಯ ಮತ್ತು ಅವರ ಸಂಗಡಿಗರ ಶ್ರಮವಿದೆ.

ವಾಸ್ತುಶಿಲ್ಪಿಯ ಮನೆಯ ಎಂಜಿನಿಯರ್

ಜಾನ್ ಬ್ಯಾರಿ 1836ರ ಡಿಸೆಂಬರ್ 7ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಸರ್ ಚಾರ್ಲ್ಸ್ ಬ್ಯಾರಿ ಆ ಕಾಲದ ಅಗ್ರಗಣ್ಯ ವಾಸ್ತುಶಿಲ್ಪಿ. 1834ರ ಬೆಂಕಿ ಅನಾಹುತದಲ್ಲಿ ಬ್ರಿಟಿಷ್ ಸಂಸತ್ತಿನ ಹಳೆಯ ಕಟ್ಟಡ ನಾಶವಾದ ಮೇಲೆ, ಇಂದು ನಾವು ಕಾಣುವ ವೆಸ್ಟ್‌ಮಿನ್‌ಸ್ಟರ್ ಅರಮನೆಯನ್ನು ರೂಪಿಸುವ ಹೊಣೆ ಹೊತ್ತವರು ಅವರೇ. ಮಕ್ಕಳಲ್ಲಿ ಚಾರ್ಲ್ಸ್ ಮತ್ತು ಎಡ್ವರ್ಡ್ ತಂದೆಯ ವೃತ್ತಿಯನ್ನೇ ಹಿಡಿದರು. ಆಲ್ಫ್ರೆಡ್ ಧರ್ಮೋಪದೇಶಕರಾಗಿ ಮುಂದೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಿಷಪ್ ಆದರು. ಕಿರಿಯ ಮಗ ಜಾನ್ ಮಾತ್ರ ಕಬ್ಬಿಣ ಮತ್ತು ಉಗಿಯ ಲೋಕವನ್ನು ಆರಿಸಿಕೊಂಡರು.

ಸ್ಕಾಟ್ಲೆಂಡಿನ ಗ್ಲೆನಾಲ್ಮಂಡ್ ಶಾಲೆಯಲ್ಲೂ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಓದಿದ ಅವರು, ಅಂದಿನ ಪದ್ಧತಿಯಂತೆ ಒಬ್ಬ ಹಿರಿಯ ಎಂಜಿನಿಯರರ ಬಳಿ ಶಿಷ್ಯವೃತ್ತಿಗೆ ಸೇರಿದರು. ಗುರು ಸರ್ ಜಾನ್ ಹಾಕ್‌ಷಾ. ಥೇಮ್ಸ್ ನದಿಯನ್ನು ದಾಟಿ ನಗರದ ಹೃದಯಕ್ಕೆ ರೈಲು ತರುವ ಚೇರಿಂಗ್ ಕ್ರಾಸ್ ಮತ್ತು ಕ್ಯಾನನ್ ಸ್ಟ್ರೀಟ್ ನಿಲ್ದಾಣಗಳ ಹಾಗೂ ಸೇತುವೆಗಳ ಕಾಮಗಾರಿಯಲ್ಲಿ ಯುವಕ ಬ್ಯಾರಿ ಪಳಗಿದರು. ಆ ಎರಡೂ ನಿಲ್ದಾಣಗಳ ಮುಂಭಾಗದ ಹೋಟೆಲುಗಳನ್ನು ವಿನ್ಯಾಸಗೊಳಿಸಿದವರು ಅಣ್ಣ ಎಡ್ವರ್ಡ್. ಕಲ್ಲಿನ ಕೆಲಸ ಅಣ್ಣನದು, ಕಬ್ಬಿಣದ ಕೆಲಸ ತಮ್ಮನದು ಎಂಬಂತೆ ಒಂದೇ ನಿವೇಶನದಲ್ಲಿ ಎರಡು ವೃತ್ತಿಗಳು ಕೂಡಿ ದುಡಿದವು.

1867ರಲ್ಲಿ ಬ್ಯಾರಿ ಸ್ವತಂತ್ರವಾಗಿ ಕಚೇರಿ ತೆರೆದರು. ಲಂಡನ್ನಿನ ಭೂಗತ ರೈಲಿನ ಒಳವರ್ತುಲವನ್ನು ಪೂರ್ಣಗೊಳಿಸುವ ಕಠಿಣ ಕಾಮಗಾರಿಯಲ್ಲಿ ಗುರುವಿನೊಡನೆ ದುಡಿದರು. 1884ರಲ್ಲಿ ಆ ವರ್ತುಲ ಮುಗಿಯಿತು. ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಸಾಗಣೆಗಾಗಿ ನಿರ್ಮಿಸಿದ, 1889ರಲ್ಲಿ ಆರಂಭವಾದ ಬಂದರಿನ ಎಂಜಿನಿಯರರಲ್ಲೂ ಅವರು ಪ್ರಮುಖರು. ಆ ಊರಿನ ಹೆಸರೂ ಬ್ಯಾರಿಯೇ ಆಗಿದ್ದುದು ಕೇವಲ ಕಾಕತಾಳೀಯ. ಈ ಹೊತ್ತಿಗೆ ಅವರ ಪಾಲುದಾರರಾಗಿದ್ದವರು ಹೆನ್ರಿ ಮಾರ್ಕ್ ಬ್ರೂನೆಲ್; ವಿಖ್ಯಾತ ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಅವರ ಪುತ್ರ. ತಂದೆಯ ಮಿತ್ರರಾಗಿದ್ದ ವಾಸ್ತುಶಿಲ್ಪಿ ಜಾನ್ ಲೂಯಿಸ್ ವುಲ್ಫ್ ಅವರ ನೆನಪಿಗಾಗಿ ತಮ್ಮ ಹೆಸರಿಗೆ ವುಲ್ಫ್ ಎಂದು ಸೇರಿಸಿಕೊಂಡಿದ್ದು 1898ರಲ್ಲಿ.

ಗೋಪುರದೊಳಗಿನ ಉಕ್ಕು

ಪೂರ್ವ ಲಂಡನ್ ಬೆಳೆಯುತ್ತಿದ್ದಂತೆ ನದಿ ದಾಟಲು ಹೊಸ ಸೇತುವೆ ಅನಿವಾರ್ಯವಾಯಿತು. ಆದರೆ ಹಡಗುಗಳ ಸಂಚಾರಕ್ಕೆ ಅಡ್ಡಿಯಾಗುವಂತಿರಲಿಲ್ಲ. 1876ರಲ್ಲಿ ನಗರಾಡಳಿತ ಸಮಿತಿ ರಚಿಸಿ ವಿನ್ಯಾಸಗಳನ್ನು ಆಹ್ವಾನಿಸಿದಾಗ ಐವತ್ತಕ್ಕೂ ಹೆಚ್ಚು ಯೋಜನೆಗಳು ಬಂದವು. ಕೊನೆಗೆ 1884ರಲ್ಲಿ ನಗರದ ವಾಸ್ತುಶಿಲ್ಪಿ ಸರ್ ಹೊರೇಸ್ ಜೋನ್ಸ್ ಅವರು ಬ್ಯಾರಿಯವರೊಡನೆ ಸೇರಿ ರೂಪಿಸಿದ ಯೋಜನೆ ಅಂಗೀಕೃತವಾಯಿತು. ಮರುವರ್ಷ ಸಂಸತ್ತು ಕಾನೂನು ಅಂಗೀಕರಿಸಿ, ನಡುವೆ 200 ಅಡಿ ಅಗಲದ ದಾರಿಯೂ ತೆರೆದಾಗ 135 ಅಡಿ ಎತ್ತರದ ಅವಕಾಶವೂ ಇರಬೇಕೆಂದೂ, ಪಕ್ಕದ ಪ್ರಾಚೀನ ಕೋಟೆಗೆ ಒಪ್ಪುವಂತೆ ಗೋಥಿಕ್ ಶೈಲಿಯಲ್ಲಿ ಕಟ್ಟಬೇಕೆಂದೂ ವಿಧಿಸಿತು.

1886ರಲ್ಲಿ ಕೆಲಸ ಆರಂಭವಾಯಿತು. ಮರುವರ್ಷವೇ ಜೋನ್ಸ್ ನಿಧನರಾದರು. ಪೂರ್ಣ ಹೊಣೆ ಬ್ಯಾರಿಯವರ ಹೆಗಲೇರಿತು. ಐದು ದೊಡ್ಡ ಗುತ್ತಿಗೆ ಸಂಸ್ಥೆಗಳು, 11 ಸಾವಿರ ಟನ್ನಿಗೂ ಹೆಚ್ಚು ಉಕ್ಕು, ತಲಾ ಸಾವಿರ ಟನ್ನಿಗೂ ಮಿಗಿಲಾದ ಎರಡು ಎತ್ತುವ ರೆಕ್ಕೆಗಳು, ಅವನ್ನು ಎತ್ತಲು ಉಗಿಯಿಂದ ನಡೆಯುವ ನೀರೊತ್ತಡದ ಯಂತ್ರಗಳು ಇವೆಲ್ಲವನ್ನೂ ಸಂಯೋಜಿಸಿ ಎಂಟು ವರ್ಷಗಳಲ್ಲಿ ಸೇತುವೆ ಸಿದ್ಧವಾಯಿತು. 1894ರ ಜೂನ್ 30ರಂದು ಉದ್ಘಾಟನೆ ನೆರವೇರಿತು.

ನೋಡುಗರಿಗೆ ಕಾಣುವ ಗ್ರಾನೈಟ್ ಮತ್ತು ಪೋರ್ಟ್‌ಲೆಂಡ್ ಕಲ್ಲು ಬರಿಯ ಹೊದಿಕೆ. ಭಾರ ಹೊತ್ತಿರುವುದು ಒಳಗಿನ ಉಕ್ಕಿನ ಚೌಕಟ್ಟು. ಉಕ್ಕಿನ ಕೆಲಸ ವಹಿಸಿಕೊಂಡವರು ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಕಟ್ಟಿದ ವಿಲಿಯಂ ಆರಲ್ ಅವರ ಸಂಸ್ಥೆ. ಹಳೆಯ ರೂಪದ ಒಳಗೆ ಹೊಸ ವಸ್ತುವನ್ನು ಅಡಗಿಸಿದ ಈ ನಿರ್ಮಾಣ ಆ ಕಾಲದ ಸಂಧಿಸ್ಥಿತಿಗೆ ಸಾಕ್ಷಿ. ಎರಕದ ಕಬ್ಬಿಣ ಹಿಂದೆ ಸರಿಯುತ್ತಿತ್ತು, ಉಕ್ಕು ಮುಂದೆ ಬರುತ್ತಿತ್ತು. ಬ್ರಿಟನ್ನಿನಲ್ಲಿ ಸೇತುವೆಗಳಿಗೆ ಉಕ್ಕು ಬಳಸಲು ಸರ್ಕಾರ ನಿಯಮ ರೂಪಿಸಿ ಅನುಮತಿ ನೀಡಿದ್ದೇ 1877ರಲ್ಲಿ. ಎರಡು ವರ್ಷಗಳ ಬಳಿಕ, 1879ರ ಡಿಸೆಂಬರ್ 28ರ ಬಿರುಗಾಳಿಯಲ್ಲಿ ಎರಕದ ಕಬ್ಬಿಣದ ಕಂಬಗಳ ಮೇಲೆ ನಿಂತಿದ್ದ ಟೇ ಸೇತುವೆ ರೈಲಿನ ಸಮೇತ ನದಿಗೆ ಉರುಳಿತು. ರೈಲಿನಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ವಿನ್ಯಾಸದ ದೋಷದ ಜೊತೆಗೆ ಎರಕದ ಕಳಪೆ ಗುಣಮಟ್ಟವೂ ವಿಚಾರಣೆಯಲ್ಲಿ ಬಯಲಾಯಿತು. ಸಾಮಗ್ರಿಯ ಗುಣವನ್ನು ಮಾತಿನ ಮೇಲೆ ನಂಬಿದರೆ ಏನಾಗಬಹುದು ಎಂಬುದು ಆ ಪೀಳಿಗೆಯ ಎಂಜಿನಿಯರರಿಗೆ ಮರೆಯಲಾಗದ ಪಾಠವಾಯಿತು.

ನೂರೆಪ್ಪತ್ತೈದು ಬಗೆಯ ತೊಲೆ

ಉಕ್ಕು ಬಂತು, ಆದರೆ ಉಕ್ಕಿಗೆ ಒಂದು ಭಾಷೆ ಇರಲಿಲ್ಲ. ಕಟ್ಟಡದ ತೊಲೆಯಾಗಲಿ, ಆಂಗಲ್ ಆಗಲಿ, ಚಾನೆಲ್ ಆಗಲಿ, ಅದನ್ನು ತಯಾರಿಸುವುದು ಉರುಳೆ ಗಿರಣಿಯಲ್ಲಿ. ಕೆಂಪಗೆ ಕಾದ ಉಕ್ಕನ್ನು ಗಾಡಿ ಕೊರೆದ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ ಬೇಕಾದ ಆಕಾರಕ್ಕೆ ತರಲಾಗುತ್ತದೆ. ಪ್ರತಿಯೊಂದು ಆಕಾರಕ್ಕೂ ಪ್ರತ್ಯೇಕ ಉರುಳೆಗಳು ಬೇಕು. ಅವನ್ನು ಕೊರೆಯಲು ಹಣ ಬೇಕು. ಒಂದನ್ನು ಕಳಚಿ ಇನ್ನೊಂದನ್ನು ಜೋಡಿಸುವವರೆಗೆ ಗಿರಣಿ ನಿಂತಿರಬೇಕು.

ಬ್ರಿಟನ್ನಿನ ಸಲಹಾ ಎಂಜಿನಿಯರರಾದರೋ ತಮ್ಮ ತಮ್ಮ ಲೆಕ್ಕಾಚಾರಕ್ಕೆ ತಕ್ಕ ತೊಲೆಯನ್ನು ತಾವೇ ಚಿತ್ರಿಸಿ ಕಳುಹಿಸುತ್ತಿದ್ದರು. ಒಬ್ಬರ ತೊಲೆ ಇನ್ನೊಬ್ಬರದಕ್ಕಿಂತ ಕಾಲಂಗುಲ ಎತ್ತರ, ಮತ್ತೊಬ್ಬರದು ತುಸು ದಪ್ಪ. ವ್ಯತ್ಯಾಸದಿಂದ ಕಟ್ಟಡಕ್ಕೆ ಹೆಚ್ಚಿನ ಪ್ರಯೋಜನವೇನೂ ಇರಲಿಲ್ಲ. ಗಿರಣಿಗೆ ಮಾತ್ರ ಪ್ರತಿ ಬೇಡಿಕೆಯೂ ಹೊಸ ಕೆಲಸ. ವರ್ತಕರು ಮುಂಚಿತವಾಗಿ ಸರಕು ದಾಸ್ತಾನಿಡುವುದು ಅಸಾಧ್ಯವಾಗಿತ್ತು, ಏಕೆಂದರೆ ನಾಳೆ ಬರುವ ಗ್ರಾಹಕ ಯಾವ ಅಳತೆ ಕೇಳುವನೆಂದು ಯಾರಿಗೂ ತಿಳಿಯದು.

ಇದರ ಪರಿಣಾಮ ವ್ಯಾಪಾರದಲ್ಲಿ ಕಂಡಿತು. ಜರ್ಮನಿಯ ಎಂಜಿನಿಯರರು 1880ರ ದಶಕದ ಆರಂಭದಲ್ಲಿಯೇ ತೊಲೆಗಳ ಸಾಮಾನ್ಯ ಆಕಾರಗಳ ಪಟ್ಟಿಯನ್ನು ಒಪ್ಪಿಕೊಂಡು ಪುಸ್ತಕವಾಗಿ ಹೊರತಂದಿದ್ದರು. ಅಮೆರಿಕದ ಉಕ್ಕು ತಯಾರಕರೂ 1896ರ ವೇಳೆಗೆ ಆ ದಾರಿ ಹಿಡಿದಿದ್ದರು. ಉಕ್ಕಿನ ಕೈಗಾರಿಕೆಗೆ ತವರಾಗಿದ್ದ ಬ್ರಿಟನ್ ಮಾತ್ರ ಜರ್ಮನಿ ಮತ್ತು ಬೆಲ್ಜಿಯಂಗಳಿಂದ ಗರ್ಡರುಗಳನ್ನು ಆಮದು ಮಾಡಿಕೊಳ್ಳುವ ಸ್ಥಿತಿಗೆ ಬಂದಿತ್ತು. ಎಚ್. ಜೆ. ಸ್ಕೆಲ್ಟನ್ ಎಂಬ ಲಂಡನ್ನಿನ ಕಬ್ಬಿಣದ ವರ್ತಕರು 1895ರಲ್ಲಿ ದಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಈ ಅವಸ್ಥೆಯನ್ನು ಬಯಲಿಗೆಳೆದರು. ಒಂದೇ ಕೆಲಸಕ್ಕೆ ಯಾವ ತೊಲೆ ಬೇಕೆಂಬುದರಲ್ಲಿ ಇಬ್ಬರು ಎಂಜಿನಿಯರರು ಒಮ್ಮತಕ್ಕೆ ಬರುವುದಿಲ್ಲವೆಂದೂ, ಈ ವೈಯಕ್ತಿಕ ಹಟವೇ ದೇಶದ ವ್ಯಾಪಾರವನ್ನು ಪರರ ಕೈಗೆ ಒಪ್ಪಿಸುತ್ತಿದೆಯೆಂದೂ ಅವರ ಆಕ್ಷೇಪವಾಗಿತ್ತು.

ಸ್ಕೆಲ್ಟನ್ ವರ್ತಕರು. ಅವರ ದೂರನ್ನು ಎಂಜಿನಿಯರರು ಕಡೆಗಣಿಸಬಹುದಿತ್ತು. ತಮ್ಮ ವಿನ್ಯಾಸ ತಮ್ಮ ಹಕ್ಕು ಎಂದು ಭಾವಿಸಿದ್ದ ವೃತ್ತಿಬಾಂಧವರ ಮನವೊಲಿಸಲು ಆ ವೃತ್ತಿಯೊಳಗಿನ, ಯಾರೂ ಅಲ್ಲಗಳೆಯಲಾಗದ ಒಬ್ಬರು ಬೇಕಿತ್ತು. ವುಲ್ಫ್ ಬ್ಯಾರಿ 1895ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿದ್ದರು, 1896ರಿಂದ 1898ರವರೆಗೆ ಸಿವಿಲ್ ಎಂಜಿನಿಯರರ ಸಂಸ್ಥೆಯ ಅಧ್ಯಕ್ಷರಾಗಿದ್ದರು, 1897ರಲ್ಲಿ ಸರ್ ಪದವಿ ಪಡೆದಿದ್ದರು. ಟವರ್ ಬ್ರಿಡ್ಜ್‌ನ ಕೀರ್ತಿ ಬೆನ್ನಿಗಿತ್ತು. ಏಕರೂಪತೆಯ ಮಾತನ್ನು ಅವರು ಆಡಿದರೆ ಅದು ಕಲ್ಪನೆಯಿಲ್ಲದವನ ಮಾತೆಂದು ತಳ್ಳಿಹಾಕುವಂತಿರಲಿಲ್ಲ.

1901ರ ಜನವರಿ 22

ಆ ದಿನ ನಡೆದ ಸಿವಿಲ್ ಎಂಜಿನಿಯರರ ಸಂಸ್ಥೆಯ ಆಡಳಿತ ಮಂಡಳಿಯ ಸಭೆಯಲ್ಲಿ ಅವರು ಕಬ್ಬಿಣ ಮತ್ತು ಉಕ್ಕಿನ ತೊಲೆಗಳ ಅಳತೆಗಳನ್ನು ಏಕರೂಪಗೊಳಿಸುವ ಬಗ್ಗೆ ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಬೇಕೆಂದು ಸೂಚಿಸಿದರು. ಅದೇ ದಿನ ಸಂಜೆ ರಾಣಿ ವಿಕ್ಟೋರಿಯಾ ಕಾಲವಾದರು. ಸಾಮ್ರಾಜ್ಯವೇ ಶೋಕದಲ್ಲಿ ಮುಳುಗಿದ್ದಾಗ ತೊಲೆಗಳ ಅಳತೆಯ ಸುದ್ದಿ ಯಾರ ಗಮನಕ್ಕೂ ಬಾರದಿದ್ದುದು ಸಹಜ.

ಮೆಕ್ಯಾನಿಕಲ್ ಎಂಜಿನಿಯರರು, ನೌಕಾಶಿಲ್ಪಿಗಳು ಮತ್ತು ಕಬ್ಬಿಣ-ಉಕ್ಕು ತಜ್ಞರ ಸಂಸ್ಥೆಗಳೂ ಕೈಜೋಡಿಸಿದವು. ಎಂಜಿನಿಯರಿಂಗ್ ಮಾನದಂಡ ಸಮಿತಿ 1901ರ ಏಪ್ರಿಲ್ 26ರಂದು ಮೊದಲ ಬಾರಿಗೆ ಸೇರಿತು. ವಿದ್ಯುತ್ ಎಂಜಿನಿಯರರ ಸಂಸ್ಥೆಯೂ ಬೇಗನೆ ಜೊತೆಗೂಡಿತು. ಕಾರ್ಯದರ್ಶಿಯಾಗಿ ಲೆಸ್ಲಿ ರಾಬರ್ಟ್‌ಸನ್ ನೇಮಕಗೊಂಡರು. ಸದಸ್ಯರು ಸಂಬಳವಿಲ್ಲದೆ ದುಡಿದರು.

ಸಮಿತಿಯ ಕಾರ್ಯವಿಧಾನವೇ ಅದರ ಯಶಸ್ಸಿನ ಗುಟ್ಟು. ವಿನ್ಯಾಸ ಮಾಡುವವರು, ತಯಾರಿಸುವವರು, ಕೊಳ್ಳುವವರು ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಲಾಯಿತು. ತಯಾರಕರು ಮಾತ್ರ ಸೇರಿ ನಿರ್ಣಯಿಸಿದ್ದರೆ ಅದು ತಮಗೆ ಅನುಕೂಲವಾದ ಅಳತೆಗಳ ಪಟ್ಟಿಯಾಗುತ್ತಿತ್ತು. ಎಂಜಿನಿಯರರು ಮಾತ್ರ ಸೇರಿದ್ದರೆ ಗಿರಣಿಯಲ್ಲಿ ಆಗದ ಅಳತೆಗಳ ಪಟ್ಟಿಯಾಗುತ್ತಿತ್ತು. ಒಪ್ಪಿಗೆಯಾದುದನ್ನು ಪಾಲಿಸಲೇಬೇಕೆಂದು ಕಟ್ಟುಪಾಡು ಇರಲಿಲ್ಲ. ಸಮಿತಿಗೆ ಶಿಕ್ಷಿಸುವ ಅಧಿಕಾರವೂ ಇರಲಿಲ್ಲ. ಮಾನದಂಡ ಒಳ್ಳೆಯದಾಗಿದ್ದರೆ ಜನ ತಾವಾಗಿ ಬಳಸುತ್ತಾರೆ ಎಂಬ ವಿಶ್ವಾಸವೇ ಅದರ ಬಂಡವಾಳ.

ಬಳಕೆಯಲ್ಲಿದ್ದ 175 ಬಗೆಯ ಕಟ್ಟಡದ ಉಕ್ಕಿನ ಆಕಾರಗಳನ್ನು ಸಮಿತಿ 113ಕ್ಕೆ ಇಳಿಸಿತು. ಟ್ರ್ಯಾಮ್ ಹಳಿಗಳ 75 ಆಕಾರಗಳು 5ಕ್ಕೆ ಇಳಿದವು. 1903ರಿಂದ ಈ ಪಟ್ಟಿಗಳು ಪ್ರಕಟವಾಗತೊಡಗಿದವು. ಉಕ್ಕಿನ ಉತ್ಪಾದನಾ ವೆಚ್ಚದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಪೌಂಡ್ ಉಳಿತಾಯವಾಗುವುದೆಂದು ಅಂದಾಜಿಸಲಾಯಿತು. ಅದೇ ವರ್ಷ ಬ್ರಿಟಿಷ್ ಮಾನದಂಡದ ಮುದ್ರೆಯೂ ನೋಂದಣಿಯಾಯಿತು. ಗಾಳಿಪಟದ ಆಕಾರದ ಆ ಗುರುತು ಇಂದಿಗೂ ಬಳಕೆಯಲ್ಲಿದೆ.

ಎರಡು ಅಂಕಿಗಳ ನಡುವಿನ ವ್ಯತ್ಯಾಸ ಗಮನಿಸತಕ್ಕದ್ದು. ಹಳಿಗಳಲ್ಲಿ ಹದಿನೈದು ಪಾಲಿಗೆ ಒಂದು ಪಾಲು ಉಳಿದರೆ, ಕಟ್ಟಡದ ಉಕ್ಕಿನಲ್ಲಿ ಮೂರನೆಯ ಒಂದು ಭಾಗವಷ್ಟೇ ಕಡಿಮೆಯಾಯಿತು. ಟ್ರ್ಯಾಮ್ ಹಳಿಯ ಕೆಲಸ ಎಲ್ಲ ಊರಲ್ಲೂ ಒಂದೇ. ಆದರೆ ಮನೆ, ಗೋದಾಮು, ಹಡಗು, ಸೇತುವೆಗಳ ಅಗತ್ಯಗಳು ಬೇರೆ ಬೇರೆ. 113 ಎಂಬುದು ಆ ಅಗತ್ಯಗಳ ನಡುವೆ ಕುದುರಿದ ರಾಜಿ. ಮೊದಲ ಹೆಜ್ಜೆಯಲ್ಲೇ ಎಲ್ಲವನ್ನೂ ಬಿಗಿಯಲು ಹೊರಟಿದ್ದರೆ ಪಟ್ಟಿ ಯಾರಿಗೂ ಬೇಡವಾಗಿ ಮೂಲೆ ಸೇರುತ್ತಿತ್ತು.

ಹೆಸರಿಗೆ ತಕ್ಕ ಸಿಮೆಂಟ್

ಅಳತೆಗಿಂತ ಕಠಿಣವಾದದ್ದು ಮಾತಿನ ಅರ್ಥ. ಪೋರ್ಟ್‌ಲೆಂಡ್ ಸಿಮೆಂಟ್ ಎಂಬ ಹೆಸರಿಗೆ 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದಿದ್ದರು. ಶತಮಾನದ ಅಂತ್ಯದ ಹೊತ್ತಿಗೆ ಆ ಹೆಸರಿನಲ್ಲಿ ಬಗೆಬಗೆಯ ಪುಡಿಗಳು ಮಾರಾಟವಾಗುತ್ತಿದ್ದವು. ಸುಟ್ಟ ಗಟ್ಟಿಯನ್ನು ಅರೆಯುವಾಗ ಅಗ್ಗದ ಕಲ್ಲನ್ನೋ ಕುಲುಮೆಯ ಕಿಟ್ಟವನ್ನೋ ಬೆರೆಸುವವರಿದ್ದರು. ಪ್ರತಿ ಎಂಜಿನಿಯರರೂ ತಮ್ಮದೇ ಷರತ್ತು, ತಮ್ಮದೇ ಪರೀಕ್ಷೆ ವಿಧಿಸುತ್ತಿದ್ದರು. ಬೇಗ ಗಟ್ಟಿಯಾಗುವುದು ಎಂದರೆ ಎಷ್ಟು ಹೊತ್ತಿನಲ್ಲಿ, ನುಣುಪು ಎಂದರೆ ಯಾವ ಜರಡಿಯಲ್ಲಿ ಎಂಬುದಕ್ಕೆ ಸರ್ವಸಮ್ಮತ ಉತ್ತರವಿರಲಿಲ್ಲ.

1904ರಲ್ಲಿ ಸಮಿತಿ ಹೊರತಂದ ಸಿಮೆಂಟಿನ ಮಾನದಂಡ ಈ ಪದಗಳಿಗೆಲ್ಲ ಅಂಕಿಯ ಅರ್ಥ ಕೊಟ್ಟಿತು. ಜರಡಿಯ ರಂಧ್ರಗಳ ಎಣಿಕೆ, ಗಟ್ಟಿಯಾಗುವ ಅವಧಿ, 7 ಮತ್ತು 28 ದಿನಗಳ ನಂತರ ಎಳೆತವನ್ನು ತಡೆಯುವ ಶಕ್ತಿ ಇವೆಲ್ಲ ನಿಗದಿಯಾದವು. ಗಟ್ಟಿಯಾದ ಮೇಲೆ ಸಿಮೆಂಟ್ ಉಬ್ಬಿ ಬಿರುಕು ಬಿಡುವುದೇ ಎಂದು ತಿಳಿಯಲು ಫ್ರಾನ್ಸಿನ ವಿಜ್ಞಾನಿ ಹೆನ್ರಿ ಲ ಶಾತಲಿಯೇ ರೂಪಿಸಿದ್ದ ಪುಟ್ಟ ಉಪಕರಣದ ಪರೀಕ್ಷೆಯನ್ನು ಸೇರಿಸಲಾಯಿತು. ಅದೇ ಪರೀಕ್ಷೆ ಇಂದು ಭಾರತದ ಸಿವಿಲ್ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲೂ ನಡೆಯುತ್ತದೆ. 1906ರಲ್ಲಿ ಸೇತುವೆ ಮತ್ತು ಕಟ್ಟಡಗಳ ಉಕ್ಕಿನ ಗುಣಮಟ್ಟಕ್ಕೂ ಪ್ರತ್ಯೇಕ ಮಾನದಂಡ ಬಂತು.

ಇದರ ಪ್ರಯೋಜನ ಬೇಗ ತಿಳಿದದ್ದು ಸಣ್ಣ ಕಟ್ಟಡಗಾರರಿಗೆ. ಸ್ವಂತ ಪ್ರಯೋಗಾಲಯ, ಸ್ವಂತ ತಜ್ಞರಿದ್ದ ದೊಡ್ಡ ರೈಲ್ವೆ ಕಂಪನಿಗಳು ಮೊದಲೂ ಹೇಗೋ ಸಂಭಾಳಿಸುತ್ತಿದ್ದವು. ಹಳ್ಳಿಯ ಶಾಲೆ ಕಟ್ಟುವ ಗುತ್ತಿಗೆದಾರನಿಗೆ ಮಾರುವವನ ಮಾತೇ ಆಧಾರವಾಗಿತ್ತು. ಈಗ ಕರಾರಿನಲ್ಲಿ ಒಂದು ಸಾಲು ಬರೆದರೆ ಸಾಕು. ಸಾಮಗ್ರಿ ಹಾಗಿಲ್ಲವೆಂದರೆ ಹಿಂದಿರುಗಿಸುವ ಹಕ್ಕು ದೊರೆಯಿತು. ತೊಲೆಗಳ ಬಲದ ಲೆಕ್ಕವನ್ನೂ ಒಮ್ಮೆ ಮಾಡಿ ಕೋಷ್ಟಕವಾಗಿ ಅಚ್ಚು ಹಾಕಿದ್ದರಿಂದ ಪ್ರತಿ ಕಚೇರಿಯಲ್ಲೂ ಅದೇ ಗುಣಾಕಾರ, ಅದೇ ತಪ್ಪುಗಳು ಮರುಕಳಿಸುವುದು ತಪ್ಪಿತು.

ಆಕ್ಷೇಪವೂ ಇತ್ತು

ಎಲ್ಲರೂ ಸ್ವಾಗತಿಸಿದರೆಂದಲ್ಲ. ಇಂದಿನ ಜ್ಞಾನವನ್ನು ಕಲ್ಲಿನಲ್ಲಿ ಕೆತ್ತಿಬಿಟ್ಟರೆ ನಾಳಿನ ಸುಧಾರಣೆಗೆ ಎಡೆಯೆಲ್ಲಿ ಎಂಬ ಆತಂಕ ಎಂಜಿನಿಯರರಲ್ಲಿತ್ತು. ಅದು ಪೊಳ್ಳು ಆತಂಕವಾಗಿರಲಿಲ್ಲ. ಕೆಟ್ಟ ಮಾನದಂಡ ಕೆಟ್ಟದ್ದನ್ನೇ ಎಲ್ಲೆಡೆ ಹರಡಬಲ್ಲದು. ಹೊಸದಾಗಿ ಬಂದ ಬಲವರ್ಧಿತ ಕಾಂಕ್ರೀಟ್ ಆಗ ಪೇಟೆಂಟುದಾರರ ಕೈಯಲ್ಲಿದ್ದು, ಕಂಪನಿಗೊಂದು ಪದ್ಧತಿ, ಪದ್ಧತಿಗೊಂದು ಪರಿಭಾಷೆ ಎಂಬಂತಿತ್ತು. ಅಂಥ ಬೆಳೆಯುವ ಕೂಸಿಗೆ ಅಳತೆಯ ಅಂಗಿ ಹೊಲಿಯುವುದು ಸುಲಭವಲ್ಲ.

ಸಮಿತಿ ಕಂಡುಕೊಂಡ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಅದು ಸಾಮಗ್ರಿ ಮತ್ತು ಪರೀಕ್ಷೆಯ ಮೇಲೆ ಕೈಯಿಟ್ಟಿತೇ ಹೊರತು ಕಟ್ಟಡ ಹೇಗಿರಬೇಕೆಂದು ಹೇಳಹೋಗಲಿಲ್ಲ. ಒಂದೇ ಅಳತೆಯ ತೊಲೆಗಳಿಂದ ನೂರು ಬಗೆಯ ಸೇತುವೆ ಕಟ್ಟುವ ಸ್ವಾತಂತ್ರ್ಯ ಎಂಜಿನಿಯರನಿಗೆ ಉಳಿಯಿತು. ಎರಡನೆಯದಾಗಿ, ಮಾನದಂಡಗಳನ್ನು ಕಾಲಕಾಲಕ್ಕೆ ಪರಿಷ್ಕರಿಸುವ ಪದ್ಧತಿ ನೆಲೆಗೊಂಡಿತು. ಅನನ್ಯ ಸೇತುವೆಯ ಕರ್ತೃವೇ ಏಕರೂಪದ ಪ್ರತಿಪಾದಕನಾದ ವೈರುಧ್ಯ ಇಲ್ಲಿ ಕರಗುತ್ತದೆ. ಭಾಷೆಯ ಅಕ್ಷರಗಳು ಎಲ್ಲರಿಗೂ ಒಂದೇ ಆಗಿರುವುದರಿಂದಲೇ ಕವಿಗೆ ಹೊಸದನ್ನು ಬರೆಯಲು ಸಾಧ್ಯ. ಕಟ್ಟಡದ ಭಾಷೆಗೂ ಅದೇ ನ್ಯಾಯ.

ಭಾರತದ ರೈಲುಗಳಿಗೆ

ಸಮಿತಿಯ ಕಾರ್ಯ ಬೇಗನೆ ಭಾರತವನ್ನೂ ತಲುಪಿತು. ಇಲ್ಲಿನ ರೈಲ್ವೆ ಕಂಪನಿಗಳು ತಮತಮಗೆ ತೋಚಿದ ಮಾದರಿಯ ಎಂಜಿನ್‌ಗಳನ್ನು ಇಂಗ್ಲೆಂಡಿನಿಂದ ತರಿಸುತ್ತಿದ್ದವು. ಬಿಡಿಭಾಗಗಳು ಒಂದರದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬ್ರಿಟಿಷ್ ಕಾರ್ಖಾನೆಗಳು ಸಕಾಲಕ್ಕೆ ಪೂರೈಸಲಾಗದೆ ಅಮೆರಿಕ ಮತ್ತು ಜರ್ಮನಿಗೂ ಬೇಡಿಕೆಗಳು ಹೋದವು. ಈ ಹಿನ್ನೆಲೆಯಲ್ಲಿ ಸಮಿತಿ 1903ರಿಂದ ಭಾರತೀಯ ರೈಲ್ವೆಗಳಿಗಾಗಿ ಕೆಲವೇ ಕೆಲವು ಪ್ರಮಾಣಿತ ಎಂಜಿನ್ ಮಾದರಿಗಳನ್ನು ಸೂಚಿಸಿತು. ಪ್ರಯಾಣಿಕರ ರೈಲು, ಅಂಚೆ ರೈಲು, ಸರಕು ರೈಲುಗಳಿಗೆ ಪ್ರತ್ಯೇಕ ಮಾದರಿಗಳು ರೂಪುಗೊಂಡವು. ಸಮಿತಿ ಮುಂದೆ ಪಡೆದ ಹೆಸರಿನ ಮೊದಲಕ್ಷರಗಳಿಂದ ಅವು ಬೆಸಾ ಎಂಜಿನ್‌ಗಳೆಂದು ಹೆಸರಾಗಿ, ಉಪಖಂಡದ ಹಳಿಗಳ ಮೇಲೆ ದಶಕಗಳ ಕಾಲ ಓಡಿದವು.

ಇದರಲ್ಲಿ ಸಾಮ್ರಾಜ್ಯದ ಹಿತ ಇತ್ತೆಂಬುದನ್ನೂ ಮರೆಯಬಾರದು. ಒಂದೇ ಮಾನದಂಡ ಎಂದರೆ ವಸಾಹತುಗಳ ಬೇಡಿಕೆ ಬ್ರಿಟಿಷ್ ಕಾರ್ಖಾನೆಗಳಿಗೇ ಸಲ್ಲುವುದು ಎಂಬ ಲೆಕ್ಕಾಚಾರವೂ ಅಲ್ಲಿತ್ತು. ಮಾನದಂಡ ಬರೆಯುವ ಮೇಜಿನಲ್ಲಿ ಯಾರಿಗೆ ಕುರ್ಚಿ ಇದೆಯೋ ಅವರ ಅನುಕೂಲ ಅದರಲ್ಲಿ ಇಣುಕುತ್ತದೆ. ಆ ಮೇಜಿನಲ್ಲಿ ಭಾರತೀಯರಿಗೆ ಸ್ವಂತ ಸ್ಥಾನ ದೊರೆಯಲು ನಾಲ್ಕು ದಶಕಗಳು ಕಾಯಬೇಕಾಯಿತು.

ಕೊನೆಯ ವರ್ಷಗಳು

ವುಲ್ಫ್ ಬ್ಯಾರಿ ಸೇತುವೆಗಳ ಕೆಲಸವನ್ನು ಬಿಡಲಿಲ್ಲ. 1903ರಲ್ಲಿ ತೆರೆದ ಥೇಮ್ಸ್ ನದಿಯ ಹೊಸ ಕ್ಯೂ ಸೇತುವೆ ಅವರದೇ ನಿರ್ಮಾಣ. ಸೂಯೆಜ್ ಕಾಲುವೆಯ ಅಂತರರಾಷ್ಟ್ರೀಯ ಸಲಹಾ ಮಂಡಳಿಯಲ್ಲೂ ಲಂಡನ್ನಿನ ಸಂಚಾರ ಸಮಸ್ಯೆ ಕುರಿತ ರಾಯಲ್ ಆಯೋಗದಲ್ಲೂ ಸೇವೆ ಸಲ್ಲಿಸಿದರು. ಆದರೆ ಮಾನದಂಡ ಸಮಿತಿಯನ್ನು ಮುನ್ನಡೆಸುವುದು ಅವರ ವೃದ್ಧಾಪ್ಯದ ಮುಖ್ಯ ಕಾಯಕವಾಯಿತು.

ಮೊದಲ ಮಹಾಯುದ್ಧ ಆ ಕಾಯಕದ ಬೆಲೆಯನ್ನು ಎತ್ತಿ ತೋರಿತು. ಒಂದು ಕಾರ್ಖಾನೆಯ ಭಾಗ ಇನ್ನೊಂದರ ಭಾಗಕ್ಕೆ ಹೊಂದದಿದ್ದರೆ ಏನಾಗುವುದೆಂಬುದು ಯುದ್ಧಭೂಮಿಯಲ್ಲಿ ಸ್ಪಷ್ಟವಾಯಿತು. ಯುದ್ಧ ಒಂದು ವೈಯಕ್ತಿಕ ನಷ್ಟವನ್ನೂ ತಂದಿತು. ಆರಂಭದಿಂದ ಕಾರ್ಯದರ್ಶಿಯಾಗಿದ್ದ ರಾಬರ್ಟ್‌ಸನ್, 1916ರ ಜೂನ್ 5ರಂದು ಯುದ್ಧ ಸಚಿವ ಲಾರ್ಡ್ ಕಿಚನರ್ ಜೊತೆ ರಷ್ಯಾಕ್ಕೆ ಹೊರಟಿದ್ದ ಹ್ಯಾಂಪ್‌ಷೈರ್ ಯುದ್ಧನೌಕೆ ಮುಳುಗಿದಾಗ ಜಲಸಮಾಧಿಯಾದರು. ಅವರ ಸ್ಥಾನಕ್ಕೆ ಬಂದ ಚಾರ್ಲ್ಸ್ ಲ ಮೇಸ್ಟರ್ ಮುಂದೆ ಮಾನದಂಡಗಳ ಚಳವಳಿಯನ್ನು ದೇಶದೇಶಗಳಿಗೆ ಕೊಂಡೊಯ್ದರು.

1917ರಲ್ಲಿ, ಎಂಬತ್ತರ ಅಂಚಿನಲ್ಲಿ, ವುಲ್ಫ್ ಬ್ಯಾರಿ ಸಿವಿಲ್ ಎಂಜಿನಿಯರರ ಸಂಸ್ಥೆಯ ಪ್ರತಿಷ್ಠಿತ ಜೇಮ್ಸ್ ಫಾರೆಸ್ಟ್ ಉಪನ್ಯಾಸ ನೀಡಿದರು. ಆಯ್ದುಕೊಂಡ ವಿಷಯ ಟವರ್ ಬ್ರಿಡ್ಜ್ ಅಲ್ಲ. ಎಂಜಿನಿಯರಿಂಗ್ ಸಾಮಗ್ರಿಗಳ ಮಾನದಂಡ ಮತ್ತು ದೇಶದ ಸಮೃದ್ಧಿಯ ಸಂಬಂಧ. ತಮ್ಮ ಬಾಳಿನಲ್ಲಿ ಯಾವುದನ್ನು ಹಿರಿದೆಂದು ಅವರು ಎಣಿಸಿದ್ದರು ಎಂಬುದಕ್ಕೆ ಈ ಆಯ್ಕೆಯೇ ಸಾಕ್ಷಿ. 1918ರ ಜನವರಿ 22ರಂದು, ಸಮಿತಿಯ ಸೂಚನೆ ಮಂಡಿಸಿ ಸರಿಯಾಗಿ ಹದಿನೇಳು ವರ್ಷ ತುಂಬಿದ ದಿನ, ಅವರು ಲಂಡನ್ನಿನ ಚೆಲ್ಸಿಯಲ್ಲಿ ಕೊನೆಯುಸಿರೆಳೆದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಸ್ಮರಣಾರ್ಥ ಬಣ್ಣದ ಗಾಜಿನ ಕಿಟಕಿಯೊಂದಿದೆ.

ಬೆಳೆದ ಬಳ್ಳಿ

ಅವರ ಸಮಿತಿ 1918ರಲ್ಲಿ ಬ್ರಿಟಿಷ್ ಎಂಜಿನಿಯರಿಂಗ್ ಮಾನದಂಡ ಸಂಘವಾಯಿತು. 1931ರಲ್ಲಿ ಬ್ರಿಟಿಷ್ ಮಾನದಂಡ ಸಂಸ್ಥೆ ಎಂದು ಹೆಸರಾಯಿತು. 1946ರ ಅಕ್ಟೋಬರಿನಲ್ಲಿ 25 ದೇಶಗಳ ಪ್ರತಿನಿಧಿಗಳು ಲಂಡನ್ನಿನಲ್ಲೇ ಸೇರಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒ ಸ್ಥಾಪಿಸಲು ನಿರ್ಧರಿಸಿದರು. ಆ ಇಪ್ಪತ್ತೈದರಲ್ಲಿ ಭಾರತವೂ ಇತ್ತು.

ದೇಶ ಸ್ವತಂತ್ರವಾಗುವ ಏಳು ತಿಂಗಳ ಮೊದಲು, 1947ರ ಜನವರಿ 6ರಂದು ಭಾರತೀಯ ಮಾನಕ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಡಾ. ಲಾಲ್ ಚಂದ್ ವರ್ಮನ್ ಅದರ ಮೊದಲ ನಿರ್ದೇಶಕರು. ಐಎಸ್‌ಐ ಮುದ್ರೆಯ ಮೂಲಕ ಮನೆಮಾತಾದ ಸಂಸ್ಥೆ ಇದೇ. 1987ರಿಂದ ಅದು ಭಾರತೀಯ ಮಾನಕ ಬ್ಯೂರೊ. ಉಕ್ಕು ವಿರಳವಾಗಿದ್ದ ಆ ದಿನಗಳಲ್ಲಿ ಬ್ರಿಟಿಷ್ ಪಟ್ಟಿಯನ್ನೇ ನಕಲು ಮಾಡದೆ, ಕಡಿಮೆ ತೂಕದಲ್ಲಿ ಹೆಚ್ಚು ಬಲ ಕೊಡುವ ಆಕಾರಗಳನ್ನು ಇಲ್ಲಿಯೇ ರೂಪಿಸಿ 1957ರಲ್ಲಿ ಪ್ರಕಟಿಸಲಾಯಿತು. ಇಂದು ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಕಬ್ಬಿಣದ ಅಂಗಡಿಯಲ್ಲಿ ಐಎಸ್‌ಎಂಬಿ 200 ಎಂದು ಕೇಳಿದರೆ, ಭಾರತೀಯ ಮಾನಕದ ಮಧ್ಯಮ ತೂಕದ, 200 ಮಿಲಿಮೀಟರ್ ಎತ್ತರದ ತೊಲೆಯೇ ಸಿಗುತ್ತದೆ. ವಿವರಣೆ ಬೇಕಿಲ್ಲ, ಚಿತ್ರ ಬರೆದು ತೋರಿಸಬೇಕಿಲ್ಲ.

ಕಾರ್ಖಾನೆಯಲ್ಲಿ ಗೋಡೆ, ಕೋಣೆಗಳನ್ನೇ ಸಿದ್ಧಪಡಿಸಿ ನಿವೇಶನದಲ್ಲಿ ಜೋಡಿಸುವ ಹೊಸ ನಿರ್ಮಾಣ ವಿಧಾನಗಳು ಇಂದು ಅದೇ ಹಳೆಯ ಪ್ರಶ್ನೆಯನ್ನು ಎದುರಿಸುತ್ತಿವೆ. ಒಂದು ಕಂಪನಿ ಪ್ಯಾನೆಲ್ ಎನ್ನುವುದನ್ನು ಇನ್ನೊಂದು ಮಾಡ್ಯೂಲ್ ಎನ್ನಬಹುದು. ಒಂದರ ಜೋಡಣೆ ಇನ್ನೊಂದಕ್ಕೆ ಕೂಡುವುದಿಲ್ಲ. ಕಂಪನಿ ಮುಚ್ಚಿದರೆ ಅದರ ಮನೆಗಳ ದುರಸ್ತಿಗೆ ದಿಕ್ಕಿಲ್ಲ. ಬ್ಯಾಂಕು ಮತ್ತು ವಿಮಾ ಸಂಸ್ಥೆಗಳಿಗೆ ಎದುರಿಗಿರುವುದು ಏನೆಂದು ತಿಳಿಯದಿದ್ದರೆ ಸಾಲವೂ ಕಷ್ಟ. ಬ್ರಿಟನ್ನಿನಲ್ಲಿ 2019ರಲ್ಲಿ ಸರ್ಕಾರ ಮತ್ತು ಉದ್ಯಮಗಳ ಜಂಟಿ ತಂಡವೊಂದು ಇಂಥ ವಿಧಾನಗಳನ್ನು ಏಳು ವರ್ಗಗಳಾಗಿ ವಿಂಗಡಿಸಿ ಹೆಸರಿಟ್ಟಿತು. ಭಾರತದಲ್ಲಿ 2021ರಲ್ಲಿ ಚೆನ್ನೈ, ಇಂದೋರ್, ರಾಜ್‌ಕೋಟ್, ರಾಂಚಿ, ಅಗರ್ತಲಾ, ಲಖನೌಗಳಲ್ಲಿ ಆರಂಭವಾದ ಆರು ಮಾದರಿ ವಸತಿ ಯೋಜನೆಗಳಿಗೆ ಆರು ಬೇರೆ ಬೇರೆ ತಂತ್ರಜ್ಞಾನಗಳನ್ನು ಆರಿಸಲಾಯಿತು. ಪ್ರಯೋಗದ ಹಂತದಲ್ಲಿ ವೈವಿಧ್ಯ ಒಳ್ಳೆಯದೇ. ಲಕ್ಷಾಂತರ ಮನೆಗಳ ಹಂತಕ್ಕೆ ಹೋಗುವಾಗ ಯಾವುದಕ್ಕೆ ಏನೆಂದು ಹೆಸರು, ಯಾವ ಪರೀಕ್ಷೆಯಲ್ಲಿ ಅದು ಗೆಲ್ಲಬೇಕು ಎಂಬ ಒಪ್ಪಂದ ಅನಿವಾರ್ಯ.

ಆ ಒಪ್ಪಂದವನ್ನು ತರುವವರು ಯಾರು? ವುಲ್ಫ್ ಬ್ಯಾರಿ ಅವರ ಬದುಕು ಕೊಡುವ ಉತ್ತರ ಸರಳವಾದರೂ ಆಚರಣೆಯಲ್ಲಿ ಕಠಿಣ. ವೃತ್ತಿಯಲ್ಲಿ ಹಿರಿತನ ಗಳಿಸಿದವರು ತಮ್ಮ ವೈಶಿಷ್ಟ್ಯದ ಹಟವನ್ನು ಮೊದಲು ಬಿಡಬೇಕು. ಮಾರುವವರು, ಕೊಳ್ಳುವವರು, ಕಟ್ಟುವವರು ಒಟ್ಟಿಗೆ ಕೂರಬೇಕು. ಕೂತು ಬರೆದದ್ದನ್ನು ತಿದ್ದಲು ಸಿದ್ಧರಿರಬೇಕು. ಟವರ್ ಬ್ರಿಡ್ಜ್ ನೋಡಲು ಲಂಡನ್ನಿಗೆ ಹೋಗಬೇಕು. ಅವರ ಇನ್ನೊಂದು ನಿರ್ಮಾಣ ಪ್ರತಿ ಕಾಮಗಾರಿಯ ಪಕ್ಕದಲ್ಲಿ ಪೇರಿಸಿಟ್ಟ ಸಿಮೆಂಟ್ ಚೀಲದ ಮೇಲಿನ ಸಣ್ಣ ಅಕ್ಷರಗಳಲ್ಲಿ ಓದಲು ಸಿಗುತ್ತದೆ.